ಲೆಕ್ಕದಲ್ಲಿಲ್ಲದ ನೆಲ

ಹತ್ತಿಮತ್ತೂರಿನ ನಮ್ಮ ಮನೆಯ ಮುಂದೆ ಅಕ್ಕನ ಮಗ ಒಂದು ಹಳೆಯ ಮಾರುತಿ ಓಮ್ನಿ ತಂದು ನಿಲ್ಲಿಸಿದ. ಅದರೊಳಗೆ ಹಾಸಿಗೆ ಹಾಕಿ, ಒಲೆ ಇಟ್ಟು, ಅದನ್ನೇ ಮನೆ ಮಾಡಿಕೊಂಡು ಆರು ತಿಂಗಳು ಊರೂರು ತಿರುಗಬೇಕೆಂಬುದು ಅವನ ಆಸೆ. ಕೈಯಲ್ಲಿ ಒಂದು ನೋಟುಬುಕ್ಕು. ಪ್ಲೈವುಡ್, ಫೋಮು, ಬ್ಯಾಟರಿ, ಸೋಲಾರ್ ಪ್ಯಾನೆಲ್, ಸಣ್ಣ ಫ್ರಿಜ್ಜು, ಸೊಳ್ಳೆ ಪರದೆ, ನೀರಿನ ಕ್ಯಾನು ಎಂದು ಪಟ್ಟಿ ಮಾಡಿ, ಕೊನೆಗೆ ಎರಡು ಗೆರೆ ಎಳೆದು 40,000 ಎಂದು ಬರೆದಿದ್ದ. "ಇದ್ರಾಗ ಏನೇನ್ ಕಡಿಮಿ ಮಾಡಬೌದು ನೋಡು ಮಾಮಾ" ಅಂದ.

ನಾನು ನೋಡುವ ಮೊದಲೇ ಕಟ್ಟೆಯ ಮೇಲೆ ಕೂತಿದ್ದ ನಮ್ಮವ್ವ ಕೇಳಿದಳು: "ಮನಿ ಬಿಟ್ಟು ಗಾಡ್ಯಾಗ ಮಲಗಾಕ ಅಷ್ಟ್ ರೊಕ್ಕಾ ಯಾಕೋ? ಹೆಳವ್ರು ಬಂಡ್ಯಾಗ ಮಲಗ್ತಿದ್ರಲ್ಲ, ಅವ್ರಿಗೆ ಯಾರ್ ಕೊಟ್ಟಿದ್ರು?"

ಅವನು ನಕ್ಕ, ನಾನೂ ನಕ್ಕೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಒಬ್ಬನು ಗಾಡಿಯಲ್ಲಿ ಮಲಗಿದರೆ ಅದನ್ನು ಸ್ವಾತಂತ್ರ್ಯ ಎನ್ನುತ್ತೇವೆ, ಇನ್ನೊಬ್ಬನು ಮಲಗಿದರೆ ಗತಿಯಿಲ್ಲದವನು ಎನ್ನುತ್ತೇವೆ. ಈ ವ್ಯತ್ಯಾಸ ಬರುವುದು ಎಲ್ಲಿಂದ? ಅದು ತಿಳಿದ ಮೇಲೂ ಮೊದಲನೆಯವನು ನಿಶ್ಚಿಂತೆಯಿಂದ ಹೊರಡಬಹುದೇ?

ಮೊದಲು ಆ ಪಟ್ಟಿಯ ಪರವಾಗಿಯೇ ಒಂದೆರಡು ಮಾತು ಹೇಳಬೇಕು. ಕಡಿಮೆ ರೊಕ್ಕ ಒಳ್ಳೆಯ ಮೇಷ್ಟ್ರು. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದು, 2019ರಲ್ಲಿ ತಯಾರಿಕೆ ನಿಂತ ಈ ಗಾಡಿಯ ಎಂಜಿನ್ನು 796 ಸಿ.ಸಿ.ಯದು. ಅದು ಎಷ್ಟು ಎಳೆದೀತು ಎಂಬ ಅಂದಾಜು ಇಟ್ಟುಕೊಂಡೇ ಸಾಮಾನು ಹೇರಬೇಕು. 20 ಲೀಟರ್ ನೀರೆಂದರೆ 20 ಕಿಲೋ ಭಾರ. ಫ್ರಿಜ್ಜು ಬೇಕೆಂದರೆ ದೊಡ್ಡ ಬ್ಯಾಟರಿ ಬೇಕು, ಬ್ಯಾಟರಿಗೆ ದೊಡ್ಡ ಪ್ಯಾನೆಲ್ ಬೇಕು, ಪ್ಯಾನೆಲ್ಲಿಗೆ ಗಾಡಿಯ ತಲೆಯ ಮೇಲೆ ಕಬ್ಬಿಣದ ಚೌಕಟ್ಟು ಬೇಕು. ಒಂದು ಬೇಕು ಮೂರು ಬೇಕುಗಳನ್ನು ಕರೆದುಕೊಂಡು ಬರುತ್ತದೆ. ಒಲೆಯನ್ನು ಒಳಗೆ ಹಚ್ಚುವುದು ಬೇಡವೆಂದೆ. ಬಾಗಿಲು ಮುಚ್ಚಿದ ಗಾಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ಮಲಗಿದವರು ಏಳುವುದಿಲ್ಲ. ಸೀಟು ಕಿತ್ತು ಹಾಕುವುದಕ್ಕೂ ಕಾನೂನು ಅಡ್ಡ ಬಂತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ವಿವರಕ್ಕೂ ಆರ್.ಸಿ.ಗೂ ತಾಳೆಯಾಗದ ಹಾಗೆ ವಾಹನವನ್ನು ಬದಲಿಸುವಂತಿಲ್ಲ ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಕಡೆಗೆ ಸೀಟು ಇದ್ದಂತೆಯೇ ಇರಲಿ, ರಾತ್ರಿ ಇಟ್ಟು ಬೆಳಿಗ್ಗೆ ಎತ್ತಿಡುವ ಹಲಗೆಯ ಮಂಚವೇ ಸಾಕು ಎಂದು ತೀರ್ಮಾನವಾಯಿತು. ಮಧ್ಯಾಹ್ನದ ಹೊತ್ತಿಗೆ 40,000 ಇದ್ದದ್ದು 18,000ಕ್ಕೆ ಇಳಿದಿತ್ತು. ಬಿಟ್ಟುಹೋದ ಯಾವುದೂ ನಿಜವಾಗಿ ಅವಶ್ಯವಿರಲಿಲ್ಲ ಎಂದು ಅವನೇ ಒಪ್ಪಿದ.

ಈ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೋ ತುಂಗಭದ್ರೆಯ ಆಚೆಯ ಮೈಲಾರಕ್ಕೋ ಜಾತ್ರೆಗೆ ಹೊರಡುವ ಮನೆತನಗಳು ಬಂಡಿಗೆ ಬಿದಿರ ಕಮಾನು ಕಟ್ಟಿ, ಮೇಲೆ ತಾಡಪತ್ರಿ ಹೊದಿಸಿ, ಕೆಳಗೆ ಹುಲ್ಲು ಹಾಸಿಕೊಂಡು ಹೋಗುತ್ತಿದ್ದವು. ಹುಲ್ಲು ಮಂದಿಗೆ ಹಾಸಿಗೆ, ಎತ್ತಿಗೆ ಮೇವು. ಕಟಿರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ನಾಲ್ಕು ದಿನದ ಊಟಕ್ಕೆ ಚಿಂತೆಯಿಲ್ಲ. ಒಂದೇ ವಸ್ತು ಎರಡು ಕೆಲಸಕ್ಕೆ ಬರಬೇಕು ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಆ ಬಂಡಿಗಳೆಲ್ಲ ಜಾತ್ರೆ ಮುಗಿದ ಮೇಲೆ ಮನೆಗೆ ತಿರುಗುತ್ತಿದ್ದವು. ದಾರಿಯಲ್ಲಿ ಮಲಗಿದವರನ್ನು ನೋಡಿದವರೆಲ್ಲ "ಗುಡ್ಡಕ್ಕ ಹೊಂಟಾರ" ಎನ್ನುತ್ತಿದ್ದರೇ ಹೊರತು, ಯಾರೂ ಅವರನ್ನು ಅಲೆಮಾರಿಗಳೆಂದು ಕರೆಯಲಿಲ್ಲ.

ಅದೇ ದಾರಿಯಲ್ಲಿ ಹೆಳವರ ಬಂಡಿಗಳೂ ಹೋಗುತ್ತಿದ್ದವು. ವಂಶಾವಳಿ ಹೇಳುವುದು ಅವರ ಕಾಯಕ. ಕೆಲವು ವರ್ಷಕ್ಕೊಮ್ಮೆ ಬಂದು, ಮನೆಯ ಮುಂದೆ ನಿಂತು, ನಮಗೇ ಮರೆತುಹೋದ ಮುತ್ತಜ್ಜನ ಅಪ್ಪನ ಹೆಸರನ್ನು, ಯಾವ ಊರಿಂದ ಯಾವ ಊರಿಗೆ ಬಂದೆವೆಂಬುದನ್ನು ಹೇಳಿ, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುವವರು. ನಮ್ಮ ಬೇರು ಎಲ್ಲಿದೆ ಎಂದು ನಮಗೆ ಹೇಳಿಕೊಟ್ಟವರು ತಾವು ಮಾತ್ರ ಊರ ಹೊರಗೆ ಬಿಡಾರ ಹೂಡಿದರು.

ತಿರುಗುವವರ ಬಗ್ಗೆ ಊರಿಗಿರುವ ಗುಮಾನಿಗೆ ಸರ್ಕಾರದ ಮುದ್ರೆಯೂ ಬಿದ್ದದ್ದುಂಟು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಹಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ ಅಂಥವರನ್ನು ಕೂಡಿಹಾಕಿ ಇಟ್ಟ ಜಾಗಗಳನ್ನು ಜನ ಇಂದಿಗೂ 'ಸೆಟ್ಲಮೆಂಟ್' ಎಂದೇ ಕರೆಯುತ್ತಾರೆ. ಹಾಜರಿ ಹಾಕಬೇಕು, ಹೊರಗೆ ಹೋಗಲು ಪಾಸು ಬೇಕು. ಆ ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದ ಐದು ವರ್ಷದ ಮೇಲೆ, 1952ರಲ್ಲಿ. ಇಂದು ನಾವು ಯಾವುದನ್ನು ಬಯಸಿ, ರೊಕ್ಕ ಖರ್ಚು ಮಾಡಿ ಪಡೆಯುತ್ತೇವೋ, ಅದನ್ನೇ ಬದುಕಾಗಿ ಉಳ್ಳವರಿಗೆ ಒಂದು ಕಾಲದಲ್ಲಿ ಅದು ಗುನ್ಹೆಯಾಗಿತ್ತು.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಉಪವಾಸ ಮಾಡುವವನನ್ನೂ ಹಸಿದವನನ್ನೂ ಅಕ್ಕಪಕ್ಕ ನಿಲ್ಲಿಸಿ ತೋರಿಸುತ್ತಾರೆ. ಇಬ್ಬರ ಹೊಟ್ಟೆಯೂ ಖಾಲಿ, ಆದರೆ ಒಬ್ಬನಿಗೆ ಉಣ್ಣುವ ಆಯ್ಕೆ ಇದೆ, ಇನ್ನೊಬ್ಬನಿಗೆ ಇಲ್ಲ. ಏಕಾದಶಿ, ಶ್ರಾವಣ ಸೋಮವಾರ, ರಂಜಾನ್ ಇರುವ ನಮ್ಮ ಊರುಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನನ್ನು ಕಾಡುವುದು ಇದರ ಮುಂದಿನ ಪ್ರಶ್ನೆ. ಉಪವಾಸಿಗೆ ಹಸಿದವನ ಋಣವೇನಾದರೂ ಇದೆಯೇ?

ಇಲ್ಲಿ ನನಗೆ ಥೋರೋ ನೆನಪಾಗುತ್ತಾನೆ. ಸರಳ ಬದುಕಿನ ಮಾತು ಬಂದಲ್ಲೆಲ್ಲ ಅವನ ಹೆಸರು ಬಂದೇ ಬರುತ್ತದೆ. 1845ರಲ್ಲಿ ಅಮೆರಿಕದ ವಾಲ್ಡನ್ ಕೊಳದ ದಂಡೆಯಲ್ಲಿ ಗುಡಿಸಲು ಕಟ್ಟಿದವನು, 1854ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಅದರ ಖರ್ಚನ್ನು ಮೊಳೆ, ಸುಣ್ಣದ ಸಮೇತ ಬರೆದಿಟ್ಟ: ಒಟ್ಟು 28 ಡಾಲರ್ 12½ ಸೆಂಟ್. ನನ್ನ ಅಳಿಯನ ನೋಟುಬುಕ್ಕಿನ ಹಿರಿಯಣ್ಣ ಅದು. ಆದರೆ ಆ ಲೆಕ್ಕದಲ್ಲಿ ನೆಲದ ಬೆಲೆ ಇಲ್ಲ. ನೆಲ ಅವನ ಗೆಳೆಯ ಎಮರ್ಸನ್‌ನದು. ಹಲಗೆಗಳು ಬಂದ ಬಗೆಯನ್ನೂ ಅವನೇ ಹೇಳುತ್ತಾನೆ. ರೈಲು ಹಾದಿಯ ಕೆಲಸಕ್ಕೆ ಬಂದಿದ್ದ ಜೇಮ್ಸ್ ಕಾಲಿನ್ಸ್ ಎಂಬ ಐರಿಷ್ ಕೂಲಿಯ ಗುಡಿಸಲನ್ನು 4 ಡಾಲರ್ 25 ಸೆಂಟಿಗೆ ಕೊಂಡು, ಬಿಚ್ಚಿ, ಆ ಹಲಗೆಗಳನ್ನು ತಂದ. ಮಾತಾದ ಮರುದಿನ ನಸುಕಿನಲ್ಲೇ ಕಾಲಿನ್ಸ್ ಮನೆ ಖಾಲಿ ಮಾಡಬೇಕಿತ್ತು. ಬೆಳಿಗ್ಗೆ ಆ ಸಂಸಾರ ದಾರಿಯಲ್ಲಿ ಎದುರಾಯಿತು. ಅವರ ಬದುಕೆಲ್ಲ ಒಂದು ದೊಡ್ಡ ಗಂಟಿನಲ್ಲಿತ್ತು.

ಅದನ್ನು ಮುಚ್ಚಿಡದೆ ಬರೆದದ್ದು ಥೋರೋನ ದೊಡ್ಡತನ. ಆದರೆ ಅವನ ಪುಸ್ತಕ ಕೊಳದ ಕಡೆ ತಿರುಗುತ್ತದೆ, ಆ ಗಂಟು ಎಲ್ಲಿಗೆ ಹೋಯಿತೆಂದು ನಮಗೆ ತಿಳಿಯುವುದಿಲ್ಲ. ಇದ್ದದ್ದೆಲ್ಲವನ್ನೂ ಒಂದು ಗಂಟಿನಲ್ಲಿ ಹೊತ್ತು ಹೊರಡುವುದೇ ಸರಳ ಬದುಕಾದರೆ, ಆ ಬೆಳಿಗ್ಗೆ ಅದನ್ನು ಬದುಕುತ್ತಿದ್ದವರು ಕಾಲಿನ್ಸ್ ಸಂಸಾರದವರು. ನಾವು ಓದುವುದು ಮಾತ್ರ ಗೆಳೆಯನ ನೆಲದ ಮೇಲೆ ಕೂತವನ ಲೆಕ್ಕವನ್ನು.

ಹಾಗಾದರೆ ಹೊರಡಲೇಬಾರದೇ? ಹಾಗೆ ನಾನು ಹೇಳಲಾರೆ. ಯಾರೋ ಹಸಿದಿದ್ದಾರೆಂದು ಉಪವಾಸ ಬಿಟ್ಟರೆ ಅವರ ಹೊಟ್ಟೆ ತುಂಬುವುದಿಲ್ಲ. ನನ್ನ ಅಳಿಯ ಸಿರಿವಂತನೂ ಅಲ್ಲ. ಅವನ 18,000 ಅವನಿಗೆ ದೊಡ್ಡ ಮೊತ್ತವೇ. ಆದರೆ ಆ ಮೊತ್ತದಲ್ಲಿ ಬರೆಯದೇ ಬಿಟ್ಟ ಸಾಲುಗಳಿವೆ. ಸಾಕೆನಿಸಿದ ದಿನ ತಿರುಗಿ ಬರಲು ಒಂದು ಮನೆ, ಆಧಾರ್ ಕಾರ್ಡಿನ ಮೇಲೆ ಒಂದು ವಿಳಾಸ, ಪೊಲೀಸರು ತಡೆದರೆ ಫೋನು ಎತ್ತಲು ಒಬ್ಬ ಮಾಮಾ, ಯಾವ ಊರಿನ ಗುಡಿಯ ಮುಂದೆ ನಿಂತರೂ "ಯಾವೂರು, ಯಾರ ಪೈಕಿ" ಎಂಬ ಪ್ರಶ್ನೆಗೆ ಬಾಗಿಲು ತೆರೆಯುವಂಥ ಒಂದು ಉತ್ತರ. ಗಾಡಿಯ ಹಾಸಿಗೆಯನ್ನು ಸ್ವಾತಂತ್ರ್ಯ ಮಾಡುವುದು ಇವು, ಫೋಮಲ್ಲ. ಅದೇ ಪ್ರಶ್ನೆಗೆ ಕೊಡುವ ಉತ್ತರ ಎಷ್ಟೋ ಜನರಿಗೆ ಬಾಗಿಲು ಮುಚ್ಚಿಸುತ್ತದೆ.

ಋಣ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಇದು ತಪ್ಪೊಪ್ಪಿಗೆಯಿಂದ ತೀರುವ ಋಣವಲ್ಲ, ದಾನದಿಂದಲೂ ಅಲ್ಲ. ಮೊದಲನೆಯದಾಗಿ, ಆರು ತಿಂಗಳ ತಿರುಗಾಟವನ್ನು ತ್ಯಾಗ ಎಂದು ಕರೆಯಬಾರದು. ತಿರುಗಿ ಬರುವ ಮನೆ ಇರುವವನು ಏನನ್ನೂ ಬಿಟ್ಟಿರುವುದಿಲ್ಲ. ಎರಡನೆಯದಾಗಿ, ದಾರಿಯಲ್ಲಿ ನಾವು ಪಡೆಯುವ ಸೌಜನ್ಯವನ್ನು ನಮ್ಮ ಊರಿನಲ್ಲಿ ಇನ್ನೊಬ್ಬರಿಗೆ ಕೊಡಬೇಕು. ಒಂದು ರಾತ್ರಿಯ ಜಾಗ, ಒಂದು ಕೊಡ ನೀರು, ಗುಮಾನಿಯಿಲ್ಲದ ಒಂದು ಮಾತು ನಮಗೆ ಹಕ್ಕೆನಿಸಿದರೆ, ಕೆರೆಯ ದಂಡೆಗೆ ಡೇರೆ ಹಾಕಿದವರಿಗೂ ಅದು ಹಕ್ಕೇ. ಕೊಡಲಾಗದಿದ್ದರೆ ಕೇಳುವ ಮುಖವೂ ನಮಗಿಲ್ಲ.

ಸಂಜೆ ಅವನು ಕೊನೆಯ ಸಂಶಯ ತೆಗೆದ: "ರಾತ್ರಿ ಗಾಡಿ ಎಲ್ಲಿ ನಿಲ್ಲಸೂದು ಮಾಮಾ?"

ಅವ್ವ ಅಂದಳು: "ಯಾವ್ದಾರ ಊರಾಗ ಗುಡಿ ಮುಂದ ನಿಲ್ಲಸು. ಊಟ ಆತೇನಪ ಅಂತ ಕೇಳ್ತಾರ."

ಕೇಳಿಯಾರು. ಅವನನ್ನು ಖಂಡಿತ ಕೇಳಿಯಾರು. ಹೋದ ಸಲ ನಮ್ಮೂರ ಹೊರಗೆ ಡೇರೆಗಳು ಎದ್ದಾಗ ನಾವು ಕೇಳಿದ ಮೊದಲ ಮಾತು ಮಾತ್ರ ಅದಾಗಿರಲಿಲ್ಲ. "ಯಾವಾಗ ಹೋಗ್ತೀರಿ?" ಎಂದಿದ್ದೆವು. ಹಾಗೆ ಕೇಳಿದವರಲ್ಲಿ ನಾನೂ ಒಬ್ಬ.