ಗೊತ್ತಿರುವುದು, ಬರುವುದು

‘ನನಗೆ ಈಜು ಬರುತ್ತದೆ’ ಎನ್ನುತ್ತೇವೆ. ‘ಈಜಿನ ಬಗ್ಗೆ ಗೊತ್ತಿದೆ’ ಎಂದರೆ ಅದು ಬೇರೆಯೇ ಮಾತು. ಗೊತ್ತಿರುವವನು ದಡದಲ್ಲಿ ನಿಂತು ವಿವರಿಸಬಲ್ಲ. ನೀರಿಗೆ ಬಿದ್ದರೆ ದಡ ಸೇರುವವನು ಈಜು ಬರುವವನೇ. ನಮ್ಮ ದಿನನಿತ್ಯದ ಮಾತು ಇಷ್ಟು ಸಲೀಸಾಗಿ ಬಿಡಿಸಿಟ್ಟಿರುವ ಈ ಭೇದಕ್ಕೆ ಬ್ರಿಟಿಷ್ ತತ್ತ್ವಜ್ಞ ಗಿಲ್ಬರ್ಟ್ ರೈಲ್ 1949ರಲ್ಲಿ ತಮ್ಮ ‘ದಿ ಕಾನ್ಸೆಪ್ಟ್ ಆಫ್ ಮೈಂಡ್’ ಗ್ರಂಥದ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಅವರ ವಾದ ಹೀಗಿದೆ: ಜಾಣತನದ ಪ್ರತಿ ಕೆಲಸಕ್ಕೂ ಮುಂಚೆ ಮನಸ್ಸು ನಿಯಮವನ್ನು ನೆನೆದುಕೊಂಡು ಕೈಗೆ ಅಪ್ಪಣೆ ಕೊಡಬೇಕು ಎನ್ನುವುದಾದರೆ, ಸರಿಯಾದ ನಿಯಮವನ್ನು ನೆನೆಯುವುದೂ ಜಾಣತನದ ಕೆಲಸವೇ ತಾನೆ? ಅದಕ್ಕೂ ಮುಂಚೆ ಇನ್ನೊಂದು ನೆನಪು ಬೇಕು, ಅದಕ್ಕೂ ಮುಂಚೆ ಮತ್ತೊಂದು. ಕೈ ಕದಲುವುದೇ ಇಲ್ಲ.

ಈ ವಾದ ನನಗೆ ನಿಜವಾಗಿ ಮನವರಿಕೆಯಾದದ್ದು ಗಾಲ್ಫ್ ಮತ್ತು ಬೇಸ್‌ಬಾಲ್ ಆಟಗಳಿಂದ. ಗಾಲ್ಫ್ ಕುಳಿಯ ಅಗಲ 4.25 ಇಂಚು. ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವ ಪಿಚರ್ ಕಾಲೂರುವ ಪಟ್ಟಿಯಿಂದ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು ದೂರ. ಪ್ಲೇಟಿನ ಅಗಲ 17 ಇಂಚು. ಲೆಕ್ಕ ಹಾಕಿ ನೋಡಿ: ಹತ್ತು ಅಡಿಯಿಂದ ಚೆಂಡನ್ನು ಕುಳಿಗೆ ಉರುಳಿಸುವವನಿಗೂ ಪ್ಲೇಟಿನ ನಡುವಿಗೆ ಗುರಿಯಿಟ್ಟು ಎಸೆಯುವವನಿಗೂ ಹೆಚ್ಚೆಂದರೆ ಸುಮಾರು ಒಂದು ಡಿಗ್ರಿಯಷ್ಟು ವಾರೆಯಾಗಲು ಅವಕಾಶ. ಇದಕ್ಕಿಂತ ಮುಖ್ಯವಾದ ಹೋಲಿಕೆ ಇನ್ನೊಂದಿದೆ. ಬ್ಯಾಟ್ ಹಿಡಿದವನ ಕಡೆಗೆ ಚೆಂಡು ತಾನೇ ಬರುತ್ತದೆ, ಅವನಿಗೆ ಅರ್ಧ ಸೆಕೆಂಡೂ ಸಿಗುವುದಿಲ್ಲ. ಪಿಚರ್ ಮತ್ತು ಗಾಲ್ಫ್ ಆಟಗಾರನ ಚೆಂಡು ಮಾತ್ರ ಅವರಿಗಾಗಿ ಕಾಯುತ್ತಿರುತ್ತದೆ. ಎಲ್ಲವೂ ನಿಂತಿರುವಾಗ ಚಲನೆಯನ್ನು ಅವರೇ ಶುರುಮಾಡಬೇಕು. ಯೋಚಿಸಲು ಬೇಕಾದಷ್ಟು ಹೊತ್ತಿದೆ. ಆ ಹೊತ್ತೇ ಅವರ ಶತ್ರು.

ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಸ್ಟೀವ್ ಬ್ಲಾಸ್ 1971ರ ವರ್ಲ್ಡ್ ಸೀರೀಸ್‌ನ ನಿರ್ಣಾಯಕ ಪಂದ್ಯ ಗೆಲ್ಲಿಸಿಕೊಟ್ಟ ಪಿಚರ್. ಗುರಿ ತಪ್ಪಿದ ನಾಲ್ಕು ಎಸೆತಗಳಿಗೆ ಎದುರಾಳಿಗೆ ಪುಕ್ಕಟೆಯಾಗಿ ಸಿಗುವ ‘ವಾಕ್’ ಅನ್ನು 1972ರಲ್ಲಿ ಅವರು ಸುಮಾರು 250 ಇನಿಂಗ್ಸ್‌ಗಳಲ್ಲಿ 84 ಸಲ ಕೊಟ್ಟರು. ಮರುವರ್ಷವೂ ಕೊಟ್ಟದ್ದು 84, ಆದರೆ 90 ಇನಿಂಗ್ಸ್ ಕೂಡ ತುಂಬಿರಲಿಲ್ಲ. ತೋಳಿಗೆ ಗಾಯವಿರಲಿಲ್ಲ. ಎಸೆತದ ಬಗ್ಗೆ ಗೊತ್ತಿದ್ದುದರಲ್ಲಿ ಒಂದಂಶವೂ ಮರೆತಿರಲಿಲ್ಲ. ಎಸೆತ ಬರುತ್ತಿರಲಿಲ್ಲ, ಅಷ್ಟೆ.

ಗಾಲ್ಫ್‌ನಲ್ಲಿ ಇದಕ್ಕೆ ‘ಯಿಪ್ಸ್’ ಎಂದು ಹೆಸರು. ಆ ಹೆಸರನ್ನು ರೂಢಿಗೆ ತಂದವರು ಗಾಲ್ಫ್ ಆಟಗಾರ ಟಾಮಿ ಆರ್ಮರ್. ಮೂರೇ ಅಡಿ ದೂರದಲ್ಲಿ ಕುಳಿ, ಸಮತಟ್ಟಾದ ಹುಲ್ಲು. ಕೋಲು ಚೆಂಡನ್ನು ಮುಟ್ಟುವ ಗಳಿಗೆಯಲ್ಲಿ ಮಣಿಕಟ್ಟು ಚಿಟಕ್ಕನೆ ಅದುರುತ್ತದೆ. ಕೆಲವರಲ್ಲಿ ಇದು ನರಗಳಿಗೆ ಸಂಬಂಧಪಟ್ಟದ್ದೂ ಇರಬಹುದು.

ಹಾಗಾದರೆ ಪಳಗಿದ ಕೈಗೆ ಯೋಚನೆಯೇ ಬೇಡವೆ? ಅಮೆರಿಕದ ತತ್ತ್ವಜ್ಞ ಹ್ಯೂಬರ್ಟ್ ಡ್ರೈಫಸ್ ಹೆಚ್ಚುಕಡಿಮೆ ಹಾಗೆಯೇ ವಾದಿಸಿದರು. ನಾನು ಅಷ್ಟು ದೂರ ಹೋಗಲಾರೆ. ಜರ್ಮನಿಯ ಗಾಲ್ಫ್ ಆಟಗಾರ ಬರ್ನ್‌ಹಾರ್ಡ್ ಲ್ಯಾಂಗರ್ ಯಿಪ್ಸ್ ಕಾಡಿದಾಗಲೆಲ್ಲ ಕೂತು ಯೋಚಿಸಿ, ಕೋಲಿನ ಹಿಡಿತವನ್ನೇ ಬದಲಿಸಿ, ಹೊಸ ಹಿಡಿತಕ್ಕೆ ಕೈಯನ್ನು ಮತ್ತೆ ಪಳಗಿಸಿದರು. 1985 ಮತ್ತು 1993ರಲ್ಲಿ ಮಾಸ್ಟರ್ಸ್ ಟೂರ್ನಿ ಗೆದ್ದರು. ಅಭ್ಯಾಸದ ಅಂಗಳದಲ್ಲಿ ಯೋಚನೆಗೆ ಜಾಗವಿದೆ. ಚೆಂಡಿನ ಮುಂದೆ ನಿಂತ ಮೇಲೆ ಅದು ಬದಿಗೆ ಸರಿಯಬೇಕು.

ಬೇಸ್‌ಬಾಲ್ ಆಟಗಾರ ರಿಕ್ ಆಂಕಿಯಲ್ ಕಥೆ ಇನ್ನೂ ವಿಚಿತ್ರ. 2000ದ ಅಕ್ಟೋಬರ್ 3ರಂದು, ಸೇಂಟ್ ಲೂಯಿಸ್ ತಂಡದ 21 ವರ್ಷದ ಈ ಪಿಚರ್ ಒಂದೇ ಇನಿಂಗ್ಸ್‌ನಲ್ಲಿ ಪ್ಲೇಟಿನ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಕೈಗೂ ಸಿಗದ ಐದು ಎಸೆತ ಎಸೆದರು. ಆ ಗುರಿ ಮತ್ತೆ ಕೂಡಿಬರಲಿಲ್ಲ. ಅವರು ಪಿಚಿಂಗ್ ಬಿಟ್ಟು ಔಟ್‌ಫೀಲ್ಡರ್ ಆದರು. 2008ರಲ್ಲಿ ಕೊಲೊರಾಡೊ ವಿರುದ್ಧದ ಪಂದ್ಯದಲ್ಲಿ, ಮೈದಾನದ ಅಂಚಿನಿಂದ, ಪಿಚಿಂಗ್ ದೂರದ ಹಲವು ಪಟ್ಟು ಆಚೆಯಿಂದ ಎರಡು ಸಲ ಚೆಂಡನ್ನು ಮೂರನೇ ಬೇಸ್‌ಗೆ ಎಸೆದು ಓಡುತ್ತಿದ್ದ ಇಬ್ಬರನ್ನು ಔಟ್ ಮಾಡಿದರು. ತೋಳು ಅದೇ. ಓಟಗಾರ ಓಡುತ್ತಿದ್ದ, ನಿಂತು ಯೋಚಿಸಲು ಹೊತ್ತಿರಲಿಲ್ಲ.