ಕರ್ತವ್ಯವೂ ಭಾವಾವೇಗವೂ

ಕರ್ತವ್ಯವೆಂಬುದು ವಿವೇಕದ ಆಜ್ಞೆಯೋ, ಮನಸ್ಸಿನ ಅಳುಕಿಗೆ ಇಟ್ಟ ಗೌರವದ ಹೆಸರೋ? ಧರ್ಮಜಿಜ್ಞಾಸುವು ಈ ಪ್ರಶ್ನೆಯನ್ನು ಅಲಕ್ಷಿಸಲಾಗದು.

ಜರ್ಮನ್ ತತ್ತ್ವಜ್ಞನಾದ ಇಮ್ಯಾನುಯೆಲ್ ಕಾಂಟನು 1785ರಲ್ಲಿ, ಫಲಾಪೇಕ್ಷೆಯಿಂದಲ್ಲ, ಒಲವಿನಿಂದಲೂ ಅಲ್ಲ, ಕರ್ತವ್ಯವೆಂದೇ ಆಚರಿಸಿದ ಕರ್ಮಕ್ಕೆ ಮಾತ್ರ ನೈತಿಕ ಮೌಲ್ಯವುಂಟೆಂದು ಸಾರಿದನು. 2001ರಲ್ಲಿ ಅಮೆರಿಕದ ಜೋಶುವಾ ಗ್ರೀನ್ ಮತ್ತು ಸಂಗಡಿಗರು, ಧರ್ಮಸಂಕಟಗಳನ್ನು ಆಲೋಚಿಸುತ್ತಿದ್ದವರ ಮಿದುಳನ್ನು ಯಂತ್ರದಿಂದ ಪರೀಕ್ಷಿಸಿದರು. ಐವರನ್ನುಳಿಸಲು ಅಂಕೆತಪ್ಪಿದ ಬಂಡಿಯನ್ನು ಒಬ್ಬನಿರುವ ಹಳಿಗೆ ತಿರುಗಿಸಬಹುದೆಂದು ಬಹುಜನರು ಒಪ್ಪುತ್ತಾರೆ. ಅದೇ ಐವರಿಗಾಗಿ ಒಬ್ಬನನ್ನು ಸೇತುವೆಯಿಂದ ಕೈಯಾರೆ ತಳ್ಳಲು ಒಪ್ಪುವುದಿಲ್ಲ. ಎರಡನೆಯ ಬಗೆಯ ಪ್ರಶ್ನೆಗಳಲ್ಲಿ ಭಾವನೆಗೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾದುವು. ಕರ್ತವ್ಯವಾದವು ಭಾವಾವೇಗಕ್ಕೆ ತರ್ಕವು ತೊಡಿಸಿದ ಉಡುಗೆಯೆಂದು ಗ್ರೀನ್ 2008ರಲ್ಲಿ ವಾದಿಸಿದರು.

ಆದರೆ ತೀರ್ಪು ಹುಟ್ಟಿದ ಬಗೆ ಬೇರೆ, ಅದರ ಯುಕ್ತಾಯುಕ್ತತೆ ಬೇರೆ. ಮಗುವನ್ನು ಬೆಂಕಿಯಿಂದ ಸೆಳೆದ ತಾಯಿಯ ಕೈಯನ್ನು ಭಯವೇ ನಡೆಸಿದ್ದರೂ ಆ ಕಾರ್ಯವು ಯುಕ್ತವಲ್ಲವೇ? ಮಿದುಳಿನ ಚಿತ್ರದಿಂದಷ್ಟೇ ಕರ್ತವ್ಯವಾದದ ಖಂಡನೆ ಸಿದ್ಧಿಸದು, ಯಾವುದು ನೈತಿಕವಾಗಿ ಗಣ್ಯವೆಂಬ ಪೂರ್ವನಿಶ್ಚಯವೇ ಅಲ್ಲಿ ಭಾರ ಹೊತ್ತಿದೆ ಎಂದು ಸೆಲಿಮ್ ಬರ್ಕರ್ 2009ರಲ್ಲಿ ಪ್ರತಿಪಾದಿಸಿದರು.

ಹಾಗೆಂದು ಈ ಶೋಧನೆ ನಿಷ್ಫಲವಲ್ಲ. ಎಷ್ಟು ಆತ್ಮಪರೀಕ್ಷೆ ಮಾಡಿಕೊಂಡರೂ ತನ್ನ ಪ್ರೇರಣೆ ಶುದ್ಧ ಕರ್ತವ್ಯವೇ ಎಂದು ನಿಶ್ಚಯಿಸಲಾಗದೆಂದು ಕಾಂಟನೇ ಎಚ್ಚರಿಸಿದ್ದನು. ರೋಗಿಯ ಬಳಿಗೆ ಹೋಗಲು ಹೇಸಿ, ಆ ಹೇಸಿಕೆಯನ್ನೇ ನಿಯಮವೆಂದು ಕರೆಯುವವನು ರೋಗಿಯನ್ನೂ ವಂಚಿಸುತ್ತಾನೆ, ತನ್ನನ್ನೂ ವಂಚಿಸಿಕೊಳ್ಳುತ್ತಾನೆ. ಆದುದರಿಂದ ಕರ್ತವ್ಯನಿಷ್ಠನು ನಿಯಮವನ್ನು ತೊರೆಯಬೇಕಾಗಿಲ್ಲ. 'ಇದು ಎಲ್ಲರಿಗೂ ನಿಯಮವಾಗಬಲ್ಲುದೇ, ಅಥವಾ ನನ್ನ ಅಳುಕು ಮಾತ್ರವೇ?' ಎಂದು ದಿನದಿನವೂ ತನ್ನನ್ನು ತಾನೇ ಕೇಳಿಕೊಳ್ಳಬೇಕು.