ಹಗೇವಿನ ಕತ್ತಲೆ

ನಮ್ಮ ಮನೆಯ ಮುಂದೆ ಒಂದು ಹಗೇವಿತ್ತು. ಆಳದ ಗುಂಡಿ, ಒಳಗೆ ರಾಗಿ, ಬಾಯಿಗೆ ಚಪ್ಪಡಿ, ಅದರ ಮೇಲೆ ಮಣ್ಣು. ತೆಗೆದ ದಿನ ಯಾರನ್ನೂ ಕೂಡಲೇ ಇಳಿಯಗೊಡುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗದಲ್ಲಿ ಲಾಟೀನು ಇಳಿಸಿ, ದೀಪ ಆರದಿದ್ದರೆ ಮಾತ್ರ ಅಪ್ಪ ಇಳಿಯುತ್ತಿದ್ದರು. ವರ್ಷಗಟ್ಟಲೆ ಕತ್ತಲಲ್ಲಿದ್ದ ರಾಗಿ ಕೆಡದೆ ಮೇಲೆ ಬರುತ್ತಿತ್ತು.

ಕಾಲೇಜಿನಲ್ಲಿ ಕನಕದಾಸರ ‘ರಾಮಧಾನ್ಯ ಚರಿತ್ರೆ’ ಓದಿದಾಗ ನನಗೆ ಆ ಲಾಟೀನು ನೆನಪಾಯಿತು. 16ನೆಯ ಶತಮಾನದ ಆ ಪುಟ್ಟ ಷಟ್ಪದಿ ಕಾವ್ಯದಲ್ಲಿ ಭತ್ತಕ್ಕೂ ರಾಗಿಗೂ ವ್ಯಾಜ್ಯ. ಭತ್ತ ತನ್ನ ಕುಲ, ಪೂಜೆ ಪುನಸ್ಕಾರಗಳಲ್ಲಿ ತನಗಿರುವ ಜಾಗ ಎಲ್ಲ ಹೇಳಿಕೊಂಡು, ರಾಗಿಯನ್ನು ಕೀಳುಜನರ ಕೂಳೆಂದು ಹೀಯಾಳಿಸುತ್ತದೆ. ರಾಗಿ ಕೇಳುವುದು ಬೇರೆಯದನ್ನೇ: ಮಳೆ ಹೋಗಿ ಬರ ಬಂದಾಗ ಜನರ ಜೀವ ಉಳಿಸಿದವರು ಯಾರು? ರಾಮ ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗೇ ಉಳಿಯುತ್ತದೆ, ರಾಘವನ ಹೆಸರನ್ನೇ ಪಡೆಯುತ್ತದೆ.

ಆ ಸೆರೆಮನೆ ನಮ್ಮ ಹಗೇವೇ. ಹೊಲದವರಿಗೆ ಅದು ಥಟ್ಟನೆ ಹೊಳೆಯುತ್ತದೆ. ಗರ್ಭಗುಡಿಯ ಬಳಿ ನಿಂತವರಿಗೆ ತಡವಾಗುತ್ತದೆ. ಕುರುಬ ಕುಲದಲ್ಲಿ ಹುಟ್ಟಿದ ಕವಿ ಇಲ್ಲಿ ಜಾತಿಯನ್ನು ಮುಖಾಮುಖಿ ಬೈಯುವುದಿಲ್ಲ, ಅದರ ಕೊಳಗವನ್ನೇ ಬದಲಿಸುತ್ತಾನೆ. ಮಡಿಯಿಂದ ಅಳೆಯುತ್ತಿದ್ದುದನ್ನು ಬರಗಾಲದಿಂದ ಅಳೆಯುತ್ತಾನೆ. ತೀರ್ಪು ಹೇಳಿಸುವುದೂ ರಾಮನ ಬಾಯಲ್ಲೇ. ರಾಮನನ್ನು ಪೂಜಿಸುವವರು ಆ ತೀರ್ಪನ್ನು ಎತ್ತ ತಳ್ಳಿಯಾರು? ರೂಪಕವೆಂದರೆ ಹೆದರಿದವನು ಹೊದ್ದ ಕಂಬಳಿ ಎಂದು ಕೆಲವರು ತಿಳಿಯುತ್ತಾರೆ. ನಾನು ಒಪ್ಪುವುದಿಲ್ಲ. ನೇರ ಮಾತಿಗೆ ಬಾಗಿಲು ಹಾಕಿಕೊಳ್ಳುವ ಮನೆಯ ಅಡುಗೆಕೋಣೆಗೇ ಈ ಕಾವ್ಯ ಹೋಗಿ ಕೂರುತ್ತದೆ.

ಆದರೂ ಒಂದು ಮುಳ್ಳು ನನ್ನಲ್ಲಿ ಉಳಿದಿದೆ. ರಾಗಿ ಮಾಡಿದ ತಪ್ಪೇನು? ಹೀಯಾಳಿಸಿದ್ದು ಭತ್ತ. ಆದರೂ ತನ್ನ ಯೋಗ್ಯತೆ ತೋರಿಸಲು ರಾಗಿಯೂ ಆರು ತಿಂಗಳು ಕತ್ತಲಲ್ಲಿ ಕಳೆಯಬೇಕಾಯಿತು. ದೇವರ ನ್ಯಾಯವೂ ಅವಮಾನಿತನಿಂದಲೇ ಸಾಕ್ಷಿ ಕೇಳುವುದಾದರೆ ಅದನ್ನು ಪೂರ್ತಿ ನ್ಯಾಯ ಎನ್ನಲಾರೆ. ಕನಕ ಇದನ್ನು ಕಂಡೇ ಹಾಗೆ ಬರೆದನೆಂದು ನನ್ನ ನಂಬಿಕೆ. ಕೆಳಗಿನವರಿಗೆ ಲೋಕ ಕೊಡುವ ನ್ಯಾಯದ ರೀತಿಯೇ ಅದು.

ನಾನು ಹತ್ತು ವರ್ಷದವನಿದ್ದಾಗ ಅಪ್ಪ ಒಂದು ಗುಡಿಯ ಸಂತರ್ಪಣೆಗೆ ಒಂದು ಚೀಲ ರಾಗಿ ಹೊತ್ತು ಹೋದರು. ಅಕ್ಕಿ ತಂದವರ ಚೀಲಗಳು ಒಳಗೆ ಹೋದವು. ನಮ್ಮದನ್ನು ಕೊಟ್ಟಿಗೆಯ ಹತ್ತಿರ ಇಳಿಸಲು ಹೇಳಿದರು. ಅಪ್ಪ ಇಳಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ನನ್ನ ಕೈ ಹಿಡಿದು ಊಟಕ್ಕೆ ನಿಲ್ಲದೆ ಹೊರಟರು. ಮತ್ತೆಂದೂ ಆ ಗುಡಿಯ ಮೆಟ್ಟಿಲು ಹತ್ತಲಿಲ್ಲ.